ಬಳಗಾನೂರು ಡಬ್ಬಿ

ಶ್ರಾವಣ ಅರ್ಧ ಕಳೆದಿತ್ತು. ಕಾಲುವೆಗೆ ನೀರು ಬಂದು ಬಳಗಾನೂರಿನ ಗದ್ದೆಗಳಲ್ಲಿ ನಾಟಿ ಜೋರಾಗಿತ್ತು. ಹೊತ್ತು ಮೂಡುವ ಮೊದಲೇ ಹೆಣ್ಣಾಳುಗಳು ಸೀರೆ ಎತ್ತಿ ಕಟ್ಟಿಕೊಂಡು ಸಸಿಮಡಿಯ ಕಡೆ ನಡೆದಿದ್ದರು. ಹಂಪಣ್ಣ ಮತ್ತು ಅವನ ಹಿರಿಯ ಮಗ ಶಂಕ್ರಪ್ಪ ಅವರ ಹಿಂದೆಯೇ ಹೋಗಿದ್ದರು. ಮನೆಯಲ್ಲಿ ಶಂಕ್ರಪ್ಪನ ಹೆಂಡತಿ ಕಸ್ತೂರೆಮ್ಮ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಅಂಬಮ್ಮ ಬಿಸಿ ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತಿ ಡಬ್ಬಿಗೆ ಇಳಿಸುತ್ತಿದ್ದಳು.

"ಜಲ್ದಿ ಬೇ. ಬಸ್ ಹೋತಂದ್ರ ನನ ಮಗ ಇವತ್ತು ಉಪಾಸ."

"ಡ್ರೈವರ್ ಇನ್ನೂ ಮಕ ತೊಳ್ಯಾಕತ್ತಾರ್ರಿ ಅತ್ತಿ. ಬಸ್ ಎಲ್ಲಿ ಹೊಕ್ಕೈತಿ?"

"ನೀ ಒಲಿ ಮುಂದ ಕುಂತು ಅದನ್ನೂ ನೋಡಿದಿ?"

"ಕೆಮ್ಮು ಕೇಳಸ್ತು. ಆ ಕೆಮ್ಮು ಊರಿಗೆಲ್ಲ ಗಡಿಯಾರ ಆಗೈತಲ್ರಿ."

ಅಂಬಮ್ಮನಿಗೆ ನಗು ಬಂದರೂ ತೋರಿಸಲಿಲ್ಲ.

ವಸ್ತಿ ಬಸ್ಸು ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುತ್ತಿತ್ತು. ಲಿಂಗಸುಗೂರಿನಲ್ಲಿ ರೂಮು ಮಾಡಿಕೊಂಡು ಓದುವ ಊರ ಹುಡುಗರ ಬುತ್ತಿಗಳೆಲ್ಲ ಡ್ರೈವರ್ ದಾವಲ್‌ಸಾಬನ ಎಡಕ್ಕೆ, ಎಂಜಿನ್ನಿನ ಮೇಲೆ ಸಾಲಾಗಿ ಕೂಡುತ್ತಿದ್ದವು. ಹಂಪಣ್ಣನ ಕಿರಿಯ ಮಗ ಅಮರೇಶ ಅಲ್ಲಿ ಎರಡನೇ ಪಿಯುಸಿ ಓದುತ್ತಿದ್ದ. ಬೆಳಿಗ್ಗೆ ತುಂಬಿದ ಡಬ್ಬಿ ಹೋಗಬೇಕು, ಸಂಜೆ ಹಿಂದಿನ ದಿನದ ಖಾಲಿ ಡಬ್ಬಿ ಬರಬೇಕು. ಹೋಗುವ ಡಬ್ಬಿಯಲ್ಲೂ ಬರುವ ಡಬ್ಬಿಯಲ್ಲೂ ಒಂದೊಂದು ಚೀಟಿ.

ಊರಿಗೆ ಇದ್ದದ್ದು ಒಂದೇ ಫೋನು. ಅದು ಅಂಚೆಮನೆಯಲ್ಲಿತ್ತು, ವಾರದಲ್ಲಿ ನಾಲ್ಕು ದಿನ ಸತ್ತಿರುತ್ತಿತ್ತು. ಚೀಟಿಗೆ ಆ ಕಾಟವಿರಲಿಲ್ಲ. ಮೊದಮೊದಲು 'ಸೋಪು ಕಳಿಸಿರಿ', 'ಮೊಸರು ಹುಳಿ ಇತ್ತು' ಎಂದಷ್ಟೇ ಬರುತ್ತಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಮನೆಯ ಅರ್ಧ ಮಾತು ಚೀಟಿಯಲ್ಲೇ ನಡೆಯತೊಡಗಿತ್ತು. ಎಮ್ಮೆ ಕರು ಹಾಕಿದ್ದು ಚೀಟಿಯಲ್ಲಿ ಹೋಯಿತು. ಯಾವ ಎಣ್ಣೆ ಸಿಂಪಡಿಸಿದರೆ ಹುಳು ಸಾಯುತ್ತದೆ ಎಂದು ಹಂಪಣ್ಣ ಚೀಟಿಯಲ್ಲಿ ಕೇಳಿಸಿ, ಅಲ್ಲಿಯ ಅಂಗಡಿಯಲ್ಲಿ ವಿಚಾರಿಸಿ ಬರೆದ ಉತ್ತರವನ್ನು ಚೀಟಿಯಲ್ಲೇ ಪಡೆದ. ಅತ್ತೆಯ ಕಿವಿ ಚುರುಕೆಂದು ಕಸ್ತೂರೆಮ್ಮ ಗಂಡನಿಗೆ ಹೇಳಬೇಕಾದದ್ದನ್ನೂ ಗದ್ದೆಯ ಬುತ್ತಿಯಲ್ಲಿ ಬರೆದಿಟ್ಟು ಕಳಿಸುತ್ತಿದ್ದಳು.

"ಬಾಯಿ ಇದ್ದೂ ಮೂಗರ ಮನಿ ಆತು ಇದು," ಎನ್ನುತ್ತಿದ್ದ ಅಂಬಮ್ಮನೇ ಸಂಜೆ ಡಬ್ಬಿ ಬಂದ ಕೂಡಲೇ ಕೈ ಒರೆಸಿಕೊಂಡು, "ಓದು ಓದು, ಏನ್ ಬರದಾನ?" ಎಂದು ಸೊಸೆಯ ಎದುರು ಕೂಡುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಅಮರೇಶ ಎದುರಿಗಿದ್ದಾಗ 'ಹೂಂ', 'ಊಹೂಂ' ಬಿಟ್ಟು ಮೂರನೆಯ ಮಾತು ಆಡದವನು. ಚೀಟಿಯಲ್ಲಿ ಬೇರೆಯೇ ಹುಡುಗನಾಗಿದ್ದ. 'ಅತ್ತಿಗೆಮ್ಮ, ನಿನ್ನೆ ಪುಂಡಿಪಲ್ಯಾ ತಿಂದು ಬೆರಳು ನೆಕ್ಕಿದೆ. ನಿಮ್ಮ ಕೈಗೆ ಬಂಗಾರದ ಬಳಿ ಹಾಕಬೇಕು, ಸದ್ಯಕ್ಕ ಬಾಯಿಮಾತಿನ್ಯಾಗ ಹಾಕೀನಿ' ಎಂದು ಬರೆಯುತ್ತಿದ್ದ. ಆಷಾಢದಲ್ಲಿ ಅಂಬಮ್ಮ ಜ್ವರ ಬಂದು ಮಲಗಿದಾಗ, 'ಅವ್ವಾ, ತಣ್ಣೀರಾಗ ಕೈ ಇಡಬ್ಯಾಡ. ಗದ್ದಿ ಎಲ್ಲೂ ಓಡಿ ಹೋಗಂಗಿಲ್ಲ, ನೀ ಹೋದ್ರ ನಮಗ ಮತ್ತೊಬ್ಬ ಅವ್ವ ಸಿಗಂಗಿಲ್ಲ' ಎಂದು ಬರೆದಿದ್ದ. ಅಂಬಮ್ಮ ಅದನ್ನು ಎಷ್ಟೋ ಸಲ ಓದಿಸಿದಳು. ನೆರೆಮನೆಯ ಖಾತೂನ್‌ಬೀಯನ್ನು ಕರೆದು ಕೂರಿಸಿಯೂ ಓದಿಸಿದಳು.

"ಓದಿದ್ರ ಹಿಂಗ ಕರಳು ಬರ್ತೈತಿ ನೋಡವ್ವಾ ಖಾತೂನಾ. ಮನ್ಯಾಗಿದ್ದಾಗ ಕಲ್ಲು ಇದ್ದಂಗಿದ್ದ."

ನಾಗರಪಂಚಮಿಗೆ ಬಂದು ಹೋದ ಅಮರೇಶ ಮತ್ತೆ ಬಂದಿರಲಿಲ್ಲ. ಪರೀಕ್ಷೆ ಇದೆ, ಟ್ಯೂಷನ್ ಇದೆ ಎಂದು ಚೀಟಿ ಬರುತ್ತಿದ್ದವು. ಅಂಬಮ್ಮ ದಾವಲ್‌ಸಾಬನನ್ನು ಕೇಳಿದರೆ, "ಚಲೋ ಅದಾನ್ರೀ ಯಮ್ಮಾ, ದಿನಾ ಬಂದು ಡಬ್ಬಿ ತಗೊಂಡು ಸಲಾಂ ಹೊಡದು ಹೋಗ್ತಾನ," ಎನ್ನುತ್ತಿದ್ದ.

ನಾಟಿ ನಡೆದಿರುವಾಗಲೇ ಗುರುಗುಂಟಾದಿಂದ ಕಸ್ತೂರೆಮ್ಮನ ಅಪ್ಪ ಬಸವಂತರಾಯ ಬಂದ. ಅವನ ಕಿರಿಯ ಮಗಳು ಬಸವಣ್ಣೆಮ್ಮನನ್ನು ಅಮರೇಶನಿಗೆ ತರುವ ಮಾತು ವರ್ಷದಿಂದ ಇತ್ತು. ಈಗ ದೇವದುರ್ಗದ ಕಡೆಯ ಒಂದು ಸಂಬಂಧ ತಾನಾಗಿ ಬಂದಿದೆ, ನೀವು ಹೂಂ ಅಂದರೆ ಅವರಿಗೆ ಬೇಡ ಅನ್ನುತ್ತೇನೆ, ಎರಡು ದಿನದಲ್ಲಿ ಹೇಳಿ ಎಂದು ಹೋದ.

ಅಂದು ಊಟದ ಮುಂದೆ ಜಗಳ ಎದ್ದಿತು.

"ಹುಡುಗನ್ನ ಕೇಳಬೇಕಲ್ಲ?" ಅಂದಳು ಅಂಬಮ್ಮ.

"ಕೇಳು. ಚೀಟಿ ಬರಸು," ಅಂದ ಹಂಪಣ್ಣ.

"ಮದುವಿ ಮಾತು ಡಬ್ಬ್ಯಾಗ ಹಾಕಿ ಕಳಸ್ತಾರೇನ? ಅದೇನು ಶೇಂಗಾ ಚಟ್ನಿ ಅಂತ ತಿಳದೀರಾ? ಶಂಕ್ರಪ್ಪ ಹೋಗಿ ಮಕ ನೋಡಿ ಕೇಳ್ಲಿ."

"ನಾ ಹೋದ್ರ ಆಳುಗಳ ಹಿಂದ ಯಾರು ನಿಂದ್ರತಾರ?" ಶಂಕ್ರಪ್ಪ ತುತ್ತು ನಿಲ್ಲಿಸಿದ. "ಸಸಿ ಕಿತ್ತಿಟ್ಟೀವಿ. ಒಂದು ದಿನ ತಡ ಆದ್ರ ಹಳದಿ ಬೀಳ್ತೈತಿ."

"ಸಸಿಗಿಂತ ತಮ್ಮ ಕಡಿಮಿ ಏನು?"

"ದಿನಾ ಚೀಟ್ಯಾಗ ಮಾತಾಡ್ತಿ, ಇವತ್ತೊಂದಿನ ಯಾಕ ಆಗವಲ್ದು?" ಎಂದು ಹಂಪಣ್ಣ ಸೊಸೆಯ ಕಡೆ ತಿರುಗಿದ. "ಬರಿಯವ್ವಾ ಕಸ್ತೂರಿ. ನಿನ್ನ ತಂಗಿ ಮಾತು, ನೀನಽ ಬರಿ."

ಕಸ್ತೂರೆಮ್ಮ ಬರೆದಳು. ತಂಗಿ ಇದೇ ಮನೆಗೆ ಬಂದರೆ ಒಲೆಯ ಮುಂದೆ ಎರಡು ಕೈ ನಾಲ್ಕಾಗುತ್ತವೆ ಎಂಬ ಆಸೆ ಅವಳಿಗೂ ಇತ್ತು. 'ಬಸವಣ್ಣೆಮ್ಮನ ಮಾತು ನಡದೈತಿ. ನಿಮ್ಮ ಮನಸಿನ್ಯಾಗ ಏನೈತಿ ನಾಳಿ ಸಂಜಿ ಡಬ್ಬ್ಯಾಗ ತಪ್ಪದ ತಿಳಸ್ರಿ.'

ಚೀಟಿ ಹೋದ ಮರುದಿನ ಸಂಜೆ ಉತ್ತರ ಬಂತು. 'ಅಪ್ಪಾರಿಗೆ ನಮಸ್ಕಾರ. ಇಂಥಾ ಮಾತಿನ್ಯಾಗ ನಾ ಏನು ಹೇಳ್ಲಿ. ಹಿರೇರು ಹೆಂಗ ಅಂತೀರಿ ಹಂಗ.'

ಹಂಪಣ್ಣ ತೊಡೆ ತಟ್ಟಿದ. "ಇದಽ ನೋಡು ಸಂಸ್ಕಾರ! ಇನ್ನೇನು ಬೇಕು ನಿನಗ?"

ಅಂಬಮ್ಮನೂ ಒಪ್ಪಿದಳು. ಬಂದ ಸೋಮವಾರ ಗಂಡ ಹೆಂಡತಿ, ಸೊಸೆ ಮೂವರೂ ಗುರುಗುಂಟಾಕ್ಕೆ ಹೋಗಿ, ಬಸವಣ್ಣೆಮ್ಮನಿಗೆ ಸೀರೆ ಉಡಿಸಿ, ಅವಳ ಬಾಯಿಗೆ ಸಕ್ಕರೆ ಹಾಕಿ ಬಂದರು. ಆ ಕಡೆ ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಮುಗಿದಂತೆ. ಬಸವಂತರಾಯ ಅಂದೇ ದೇವದುರ್ಗದವರಿಗೆ ಬೇಡವೆಂದು ಹೇಳಿ ಕಳಿಸಿದ. ದೀಪಾವಳಿ ಮುಗಿದ ಮೇಲೆ ಅಕ್ಕಿಕಾಳು ಹಾಕಿ ಮದುವೆ ಮುಗಿಸುವುದು ಎಂದಾಯಿತು. ಈ ಸುದ್ದಿಯೂ ಡಬ್ಬಿಯಲ್ಲಿ ಹೋಯಿತು. ಅದಕ್ಕೆ ಮಾತ್ರ ಉತ್ತರವಾಗಿ, 'ಎರಡು ದಿನ ಮೊಸರು ಬ್ಯಾಡ, ನೆಗಡಿ ಆಗೈತಿ' ಎಂದಷ್ಟೇ ಬಂತು.

"ನಾಚಿಕಿ," ಎಂದು ಕಸ್ತೂರೆಮ್ಮ ನಕ್ಕಳು.

ಗಣಪತಿ ಹಬ್ಬ ಹೋಗಿ ಕಳೆ ತೆಗೆಯುವ ಕೆಲಸ ಒಂದು ಹಂತಕ್ಕೆ ಬಂದ ಮೇಲೆ, ಬಟ್ಟೆ ತರಲು ಹಂಪಣ್ಣ, ಅಂಬಮ್ಮ, ಕಸ್ತೂರೆಮ್ಮ ವಸ್ತಿ ಬಸ್ಸಿಗೇ ಲಿಂಗಸುಗೂರಿಗೆ ಹೊರಟರು. ಮಗನನ್ನೂ ಅಂಗಡಿಗೆ ಕರೆದೊಯ್ದು ಅಂಗಿಯ ಅಳತೆ ಕೊಡಿಸುವುದೆಂದು ಮಾತಾಗಿತ್ತು. ತಾವೇ ಹೋಗುತ್ತಿರುವಾಗ ಡಬ್ಬಿ ಬೇರೆಯವರ ಕೈಗೇಕೆ ಎಂದು ಅಂಬಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಳು. ಮಗನಿಗೆ ಹೇಳಿ ಕಳಿಸಿರಲಿಲ್ಲ. ಒಮ್ಮೆಲೇ ಕಂಡರೆ ಅವನ ಮುಖ ಹೇಗಾಗುತ್ತದೆ ಎಂದು ಮಸ್ಕಿ ದಾಟುವವರೆಗೂ ಅದೇ ಮಾತು.

ಲಿಂಗಸುಗೂರಿನ ನಿಲ್ದಾಣದಲ್ಲಿ ಹುಡುಗರು ಖಾಲಿ ಡಬ್ಬಿ ಹಿಡಿದು ಕಾಯುತ್ತಿದ್ದರು. ಬಸ್ಸು ನಿಂತಿತು. ದಾವಲ್‌ಸಾಬ ತಿರುಗಿ ನಕ್ಕ.

"ಯಮ್ಮಾ, ನೋಡ್ರಿ, ಬಂದಾ ನಿಮ್ಮ ಮಗ."

ಅಂಬಮ್ಮ ಕಿಟಕಿಯಿಂದ ಬಗ್ಗಿ ನೋಡಿದಳು. ತೆಳ್ಳಗಿನ, ಕಪ್ಪು ಮೈಯ, ತೋಳು ಗಿಡ್ಡವಾದ ಅಂಗಿ ತೊಟ್ಟ ಒಬ್ಬ ಹುಡುಗ ಬಾಗಿಲ ಹತ್ತಿರ ಬಂದು ಡ್ರೈವರನಿಗೆ ಸಲಾಂ ಮಾಡಿದ. ಎಂಜಿನ್ನಿನ ಮೇಲೆ ಹುಡುಕಿದ. ಸಿಗಲಿಲ್ಲ. ಅಂಬಮ್ಮನ ತೊಡೆಯ ಮೇಲಿದ್ದುದನ್ನು ಕಂಡು ಕೈ ಚಾಚಿದ.

"ಬಳಗಾನೂರು ಡಬ್ಬಿ ಅದಽ ಏನ್ರೀ? ಕೊಡ್ರಿ."

ಅಂಬಮ್ಮ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. "ನೀ ಯಾರಪ್ಪಾ?"

"ನಾ ಅಮರೇಶ... ಅಮರೇಶನ ಡಬ್ಬಿರೀ ಅದು." ಅಷ್ಟರಲ್ಲಿ ಅವನ ಕಣ್ಣು ಹಂಪಣ್ಣನ ಮೇಲೆ ಬಿತ್ತು. ಆ ಮುಖ ಅಮರೇಶನ ಮುಖದಂತೆಯೇ ಇತ್ತು. ಹುಡುಗನ ಕೈ ಹಾಗೇ ನಿಂತಿತು.

"ಯಾರಲೇ ನೀ?" ಹಂಪಣ್ಣ ಎದ್ದು ನಿಂತ. "ನನ ಮಗ ಎಲ್ಲಿ?"

ದಾವಲ್‌ಸಾಬ ಸೀಟಿನಿಂದ ಎದ್ದ. "ಯಾ ಅಲ್ಲಾ. ಇವ ನಿಮ್ಮ ಮಗ ಅಲ್ಲೇನ್ರೀ ಗೌಡ್ರ? ನಾ ಈ ರೂಟಿಗಿ ಬಂದದ್ದಽ ಪಂಚಮಿ ಆದ ಮ್ಯಾಲ. ಅವಾಗಿಂದ ಇವನ ಕೈಯಾಗಽ ಕೊಟ್ಟೀನಲ್ಲ!"

ಹುಡುಗ ಓಡಲಿಲ್ಲ. ನಿಲ್ದಾಣದ ಸಿಮೆಂಟಿನ ಕಟ್ಟೆಯ ಹತ್ತಿರ ನಿಂತು, ನೆಲ ನೋಡುತ್ತ ಹೇಳಿದ. ಅವನು ಸಾಲಗುಂದದ ಕೂಲಿಕಾರ ಹೊನ್ನೂರಪ್ಪನ ಮಗ ಮಾನಪ್ಪ, ಅಮರೇಶನ ರೂಮಿನವನು. ಅಮರೇಶ ಪಂಚಮಿ ಮುಗಿಸಿ ಬಂದವನೇ ಓದು ತಲೆಗೆ ಹತ್ತುವುದಿಲ್ಲವೆಂದು ಪುಸ್ತಕ ಕಟ್ಟಿಟ್ಟು ಸಿಂಧನೂರಿನ ಟ್ರ್ಯಾಕ್ಟರ್ ಗ್ಯಾರೇಜಿಗೆ ಕೆಲಸ ಕಲಿಯಲು ಹೋಗಿದ್ದ. ನಾನೇ ಮನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ಹೇಗಾದರೂ ನಡೆಸು ಎಂದಿದ್ದ. ಊರ ಹುಡುಗರಿಗೂ ಬಾಯಿ ಬಿಡದಂತೆ ಹೇಳಿದ್ದ.

"ಸಿಂಧನೂರ?" ಅಂಬಮ್ಮನಿಗೆ ನಂಬಿಕೆಯಾಗಲಿಲ್ಲ. ಸಿಂಧನೂರು ಅವರ ಊರಿಗೆ ಲಿಂಗಸುಗೂರಿಗಿಂತ ಹತ್ತಿರ. "ಮತ್ತ ಚೀಟಿ?"

"ನಾನಽ ಬರದೆ ಯವ್ವಾ."

"ಅಂವ ಹೋದ ಮ್ಯಾಲಿನವು?"

"ಎಲ್ಲಾ ನಂವಽ. ಮೊದಲಿಂದ್ಲೂ ನಾನಽ ಬರಿತಿದ್ದೆ. ಅವಗ ಬ್ಯಾಸರ. 'ಏನರ ಬರದು ಹಾಕಲೇ, ರೊಟ್ಟಿ ಹಂಚ್ಕೊಂಡು ತಿನ್ನೂಣು' ಅಂತಿದ್ದ."

ಕಸ್ತೂರೆಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಳು. ಬಂಗಾರದ ಬಳೆಯ ಮಾತು ನೆನಪಾಗಿ ಮೈಯೆಲ್ಲ ಬಿಸಿಯಾಯಿತು.

"ನನಗ ಜ್ವರ ಬಂದಿತ್ತು," ಅಂಬಮ್ಮ ಮೆಲ್ಲಗೆ ಅಂದಳು. "ಆಷಾಢದಾಗ. ಅವಾಗ ಬಂದ ಚೀಟಿ?"

ಮಾನಪ್ಪ ಖಾಲಿ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಅಂವ ಹೇಳಿ ಬರಸಿದ್ನಾ, ಇಲ್ಲ..."

"ಅಂವ ಅವತ್ತು ರೂಮಿನ್ಯಾಗ ಇದ್ದಿಲ್ರೀ ಯವ್ವಾ. ನಮ್ಮವ್ವ ಹಂಗಽ ಜ್ವರದಾಗ ನಾಟಿಗಿ ಹೋಗಿ ಬಿದ್ದಿದ್ಲು. ಅದಕ್ಕ ಬರದೆ."

"ಭಾಡಕೋ!" ಹಂಪಣ್ಣ ಅಂಗಿಯ ಕಾಲರ್ ಹಿಡಿದ. "ಮದುವಿಗಿ ಹೂಂ ಅಂದಾಂವಾನೂ ನೀನಽ?"

"ನಾ ಹೂಂ ಅಂದಿಲ್ರೀ! ಸಂಜಿ ಬಸ್ಸಿಗಿ ಉತ್ತರ ಬೇಕಂತ ಬರದಿದ್ರಿ. ಸುಮ್ಮನಿದ್ರ ಗೊತ್ತಾಗ್ತಿತ್ತು. ಹಿರೇರು ಹೆಂಗ ಅಂತೀರಿ ಹಂಗ ಅಂತ ಬರದೆ. ಹಂಗಂದ್ರ ನೀವು ಅವನ್ನ ಕರಸಿ ಮಾತಾಡ್ತೀರಿ ಅನ್ಕೊಂಡೆ. ಸಕ್ರಿ ಆತು ಅಂತ ಚೀಟಿ ಬಂದಾಗ ನನಗ ಊಟ ಸೇರ್ಲಿಲ್ಲ. ಸಿಂಧನೂರಿಗಿ ಹೋಗಿ ಹೇಳಿದೆ. ಅಂವ ನಕ್ಕ."

ಹಂಪಣ್ಣನ ಕೈ ಸಡಿಲಾಯಿತು. ಸುತ್ತ ಜನ ನೆರೆದಿದ್ದರು. ಅಂಬಮ್ಮ ಡಬ್ಬಿಯನ್ನು ಹುಡುಗನಿಗೆ ಕೊಡಲೂ ಇಲ್ಲ, ಹಿಡಿದುಕೊಂಡು ಬರಲೂ ಇಲ್ಲ. ಕಟ್ಟೆಯ ಮೇಲಿಟ್ಟು, ಸೆರಗು ತಲೆಗೆ ಹೊದ್ದು, ಊರ ಬಸ್ಸಿನ ಕಡೆ ನಡೆದಳು.

ಮರುದಿನ ಹಂಪಣ್ಣ ಮತ್ತು ಶಂಕ್ರಪ್ಪ ಸಿಂಧನೂರಿಗೆ ಹೋಗಿ ಅಮರೇಶನನ್ನು ಕರೆತಂದರು. ಉಗುರುಗಳಲ್ಲಿ ಕಪ್ಪು ಗ್ರೀಸು, ಮುಖದಲ್ಲಿ ಮೊದಲಿಲ್ಲದ ಕಳೆ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಅವನು ಬದನೆಕಾಯಿ ಪಲ್ಯದ ಜೊತೆ ರೊಟ್ಟಿ ತಿಂದ.

"ಗುರುಗುಂಟಾದಾಗ ಮಾತು ಕೊಟ್ಟೀವಿ," ಅಂದ ಹಂಪಣ್ಣ.

"ನನ್ನ ಕೇಳಿ ಕೊಟ್ಟೀರೇನು?"

"ಕೇಳಿದ್ವಲ್ಲೋ ಮೂಳಾ! ಡಬ್ಬ್ಯಾಗ..."

"ಡಬ್ಬಿ ಕೇಳಿದ್ರಿ. ಡಬ್ಬಿ ಹೂಂ ಅಂತು. ಅದಕ್ಕಽ ಮಾಡ್ರಿ ಮದುವಿ." ಅಮರೇಶ ನೀರು ಕುಡಿದು ಲೋಟ ಇಟ್ಟ. "ಇಲ್ಲಂದ್ರ ಮಾನಪ್ಪಗ ಮಾಡ್ರಿ. ಬರದಾಂವ ಅಂವ."

ಹಂಪಣ್ಣ ಹೊಡೆದ. ಅಮರೇಶ ತಪ್ಪಿಸಿಕೊಳ್ಳಲಿಲ್ಲ, ಅಳಲೂ ಇಲ್ಲ. "ಹೊಡೀರಿ. ನಾ ಮೂರು ವರ್ಷ ಮದುವಿ ಆಗಂಗಿಲ್ಲ. ಸ್ವಂತ ಗ್ಯಾರೇಜ್ ಹಾಕಬೇಕು. ಹೊಲ ಬ್ಯಾಡ, ಪುಸ್ತಕ ಬ್ಯಾಡ. ಇದು ನಾ ಬಾಯ್ಲೆ ಹೇಳಾಕತ್ತೀನಿ. ಈಗಾದ್ರೂ ಕೇಳ್ರಿ."

ಅಂಬಮ್ಮ ಮಗನ ಮುಖವನ್ನೇ ನೋಡುತ್ತಿದ್ದಳು. "ನನಗ ಜ್ವರ ಬಂದಿದ್ದರ ಗೊತ್ತಿತ್ತೇನೋ ನಿನಗ?"

"ಯಾವಾಗ?" ಅಂದ ಅಮರೇಶ.

ಅಂಬಮ್ಮ ಎದ್ದು ದನದ ಕೊಟ್ಟಿಗೆಗೆ ಹೋದಳು. ಹೊತ್ತು ಮುಳುಗುವವರೆಗೆ ಒಳಗೆ ಬರಲಿಲ್ಲ.

ಮೂರು ವಾರ ಆ ಮನೆಯಿಂದ ಡಬ್ಬಿ ಹೋಗಲಿಲ್ಲ. ಅಮರೇಶ ಮರುದಿನವೇ ಸಿಂಧನೂರಿಗೆ ಮರಳಿದ್ದ. ವಸ್ತಿ ಬಸ್ಸು ಹಾರ್ನ್ ಹೊಡೆದಾಗ ಕಸ್ತೂರೆಮ್ಮನ ಕೈ ಹಿಟ್ಟಿನಲ್ಲೇ ನಿಲ್ಲುತ್ತಿತ್ತು. ಗುರುಗುಂಟಾಕ್ಕೆ ಯಾರು ಹೇಳಬೇಕು ಎಂಬ ಮಾತು ದಿನವೂ ಒಲೆಯ ಸುತ್ತ ತಿರುಗಿ, ತೀರ್ಮಾನವಿಲ್ಲದೆ ಆರುತ್ತಿತ್ತು.

"ಮದುವಿ ಮುಂದಕ್ಕ ಹಾಕೂಣು ಅಂತ ಒಂದು ಪತ್ರ ಬರದ್ರ?" ಎಂದು ಶಂಕ್ರಪ್ಪ ಕೇಳಿದ.

"ಬರದು ಬರದು ಸಾಕಾಗಿಲ್ಲೇನು?" ಕಸ್ತೂರೆಮ್ಮ ಮೊದಲ ಬಾರಿಗೆ ಗಂಡನ ಮೇಲೆ ದನಿ ಎತ್ತಿದಳು. "ನನ್ನ ತಂಗಿ ಬಾಯಾಗ ಸಕ್ರಿ ಹಾಕೀರಿ. ಎದ್ದು ಹೋಗಿ ಎದುರಿಗೆ ನಿಂತು ಹೇಳ್ರಿ. ಮಾವ, ನಡೀರಿ, ನಾನೂ ಬರ್ತೀನಿ."

ಮಹಾನವಮಿಯ ಮುಂಚಿನ ದಿನ ಮಾವ ಸೊಸೆ ಇಬ್ಬರೂ ಹೋದರು. ಬಸವಂತರಾಯನ ಅಂಗಳದಲ್ಲಿ ಸಜ್ಜೆ ತೆನೆ ಒಣಗಿಸಿದ್ದರು. ಬೀಗರು ಬಂದರೆಂದು ಅವನು ಕಂಬಳಿ ಹಾಸಿದ. ಹಂಪಣ್ಣ ಕೂಡಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ಡಬ್ಬಿ, ಚೀಟಿ, ಮಾನಪ್ಪ, ಗ್ಯಾರೇಜು.

ಬಸವಂತರಾಯ ಕೇಳುತ್ತ ಕೇಳುತ್ತ ಕಂಬಕ್ಕೆ ಒರಗಿದ. ಆಮೇಲೆ ಅಂದ: "ಯಾರದೋ ಮಗ ಬರದ ಚೀಟಿ ಮ್ಯಾಲ ನನ ಮಗಳನ್ನ ಕೇಳಾಕ ಬಂದಿದ್ರಿ?"

"ಗೊತ್ತಿದ್ದಿಲ್ಲ ಬಸವಂತ."

"ದೇವದುರ್ಗದವರು ಬ್ಯಾರೆ ಹೆಣ್ಣು ಮಾಡ್ಕೊಂಡ್ರು. ಊರೆಲ್ಲ ಸಕ್ರಿ ಹಂಚೀನಿ. ಈಗ ಮಂದಿ ಹುಡುಗ್ಯಾಗ ಏನು ಐಬು ಐತಿ ಅಂತ ಕೇಳ್ತಾರ. ನಾ ಏನನ್ಲಿ? ಡಬ್ಬಿ ಕೈ ಕೊಡ್ತು ಅನ್ಲೇನು?"

ಕಸ್ತೂರೆಮ್ಮ ತಡೆಯಲಾಗದೆ ಒಳಗೆ ಹೋದಳು. ಅಡುಗೆಮನೆಯಲ್ಲಿ ಬಸವಣ್ಣೆಮ್ಮ ಅಕ್ಕಿ ಆರಿಸುತ್ತಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಮೊರದಿಂದ ತಲೆ ಎತ್ತಲಿಲ್ಲ.

"ತಪ್ಪಾತವ್ವಾ," ಅಂದಳು ಕಸ್ತೂರೆಮ್ಮ. "ನಾನಽ ಬರದು ಕೇಳಿದ್ದೆ. ಉತ್ತರ ಅವನದಽ ಅನ್ಕೊಂಡೆ."

"ಏನಂತ ಬರದಿದ್ದಿ ಅಕ್ಕಾ?"

"ನಿಮ್ಮ ಮನಸಿನ್ಯಾಗ ಏನೈತಿ ಅಂತ."

ಬಸವಣ್ಣೆಮ್ಮ ಒಂದು ಕಲ್ಲು ಆರಿಸಿ ಬಾಗಿಲಾಚೆ ಎಸೆದಳು. "ನಾನೂ ಏಳನೇ ಕ್ಲಾಸ್ ಓದೀನಿ. ಗುರುಗುಂಟಾಕ ಬಸ್ ಬರಂಗಿಲ್ಲೇನು?"

ಕಸ್ತೂರೆಮ್ಮನಿಗೆ ಕಪಾಳಕ್ಕೆ ಬಡಿದಂತಾಯಿತು. ಎಲ್ಲರೂ ಒಬ್ಬರಿಗೊಬ್ಬರು ಬರೆದಿದ್ದರು. ಮೊಸರಿಗೆ, ಸೋಪಿಗೆ, ಹುಳುವಿನ ಎಣ್ಣೆಗೆ ಕೂಡ ಚೀಟಿ ಹೋಗಿತ್ತು. ಒಡಹುಟ್ಟಿದ ತಾನೂ ಸೇರಿ ಯಾರಿಗೂ ಈ ಹುಡುಗಿಗೆ ಒಂದು ಸಾಲು ಬರೆಯಬೇಕೆಂದು ತೋಚಿರಲಿಲ್ಲ.

"ಕೇಳಿದ್ರ ಏನು ಬರಿತಿದ್ದಿ?"

"ಅದನ್ನ ಈಗ ಕೇಳಬ್ಯಾಡ."

ಹೊರಗೆ ಹಂಪಣ್ಣ ಅಂಗಳಕ್ಕೆ ಇಳಿದು ಕೈ ಮುಗಿಯುತ್ತಿದ್ದ. "ನನ್ನ ಬಾಯಿಂದ ಹೋದ ಮಾತು ಬಸವಂತ, ನಾನಽ ತೀರಸ್ತೀನಿ. ನಿನ್ನ ಮಗಳಿಗೆ ಚಲೋ ಮನಿ ನಾನಽ ಹುಡುಕ್ತೀನಿ. ಇದೊಂದು ಬಾಕಿ ನಿಂದು ನನ್ನ ತಲಿ ಮ್ಯಾಲ ಇರ್ಲಿ."

"ಇರ್ಲಿ," ಎಂದು ಬಸವಂತರಾಯ ಮುಖ ತಿರುಗಿಸಿದ.

ಅಷ್ಟರಲ್ಲಿ ಬಸವಣ್ಣೆಮ್ಮ ಮೊರ ಕೆಳಗಿಟ್ಟು ಎದ್ದಳು. ಹಿರಿಯರ ಮಾತಿನ ನಡುವೆ ಆ ಮನೆಯ ಹೆಣ್ಣುಮಕ್ಕಳು ಹೊಸ್ತಿಲಿಗೆ ಬಂದದ್ದಿಲ್ಲ. ಅವಳು ಬಂದಳು. ಕೈಯಲ್ಲಿ ಅಂದು ಅವರು ಉಡಿಸಿದ್ದ ಸೀರೆ ಮಡಿಸಿ ಹಿಡಿದಿದ್ದಳು. ಅದನ್ನು ಹಂಪಣ್ಣನ ಮುಂದೆ ಕಟ್ಟೆಯ ಮೇಲಿಟ್ಟಳು.

"ಮಾವ, ಆ ಬಾಕಿ ನಮ್ಮಪ್ಪಂದಲ್ರಿ. ನಂದು."

"ಏ ಹುಡುಗಿ! ಒಳಗ ನಡಿ!" ಬಸವಂತರಾಯ ಕೂಗಿದ.

ಅವಳು ಅಪ್ಪನ ಕಡೆ ನೋಡಲಿಲ್ಲ. "ಸಕ್ರಿ ನನ್ನ ಬಾಯಾಗ ಹಾಕಿದ್ರಿ. ಮನಿ ಹುಡುಕೋದು ಬ್ಯಾಡ್ರಿ. ನನಗೇನು ಬೇಕೋ ಅದನ್ನ ನಾ ಕೇಳಿದಾಗ ಕೊಡ್ರಿ."

ಹಂಪಣ್ಣನ ಮುಗಿದ ಕೈ ಮುಗಿದೇ ಇತ್ತು. ಅದನ್ನು ಅವನು ಬಸವಂತರಾಯನಿಂದ ಅವಳ ಕಡೆ ತಿರುಗಿಸಿದ. ಏನು ಬೇಕೆಂದು ಅವಳು ಅಂದು ಹೇಳಲಿಲ್ಲ.